ಬಜ್ಜಿಯ ಎಣ್ಣೆ ಮತ್ತು ಸಂತೋಷಮ್ಮನ ಮೊಣಕಾಲು

ಬೇರೆಯವರು ತಮ್ಮ ತಪ್ಪುಗಳನ್ನು ಹೇಳಿಕೊಳ್ಳುವಾಗ ತಲೆ ತಗ್ಗಿಸಿ ಕೇಳುವುದು ನನ್ನ ಉದ್ಯೋಗದ ಒಂದು ಭಾಗ. ಹಾಗೆ ಕೇಳಿ ಕೇಳಿ ನನಗೊಂದು ವಿಷಯ ಗೊತ್ತಾಗಿದೆ. ಮನುಷ್ಯ ದೊಡ್ಡ ತಪ್ಪನ್ನು ಸುಲಭವಾಗಿ ಒಪ್ಪಿಕೊಳ್ಳುತ್ತಾನೆ. ನಗೆಪಾಟಲಾಗುವಂಥ ತಪ್ಪನ್ನು ಮಾತ್ರ ಏನು ಮಾಡಿದರೂ ಬಾಯಿಬಿಡುವುದಿಲ್ಲ. ಕುಡಿದೆ ಎನ್ನುತ್ತಾನೆ, ಮನೆಯಲ್ಲಿ ಜಗಳವಾಡಿದೆ ಎನ್ನುತ್ತಾನೆ. ಜಗಳದ ಭರದಲ್ಲಿ ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದವರೆಗೆ ನಡೆದೆ ಎನ್ನುವುದಿಲ್ಲ. ನನ್ನದು ಈ ಎರಡನೆಯ ಜಾತಿಯ ತಪ್ಪು. ಐದು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದೇನೆ. ಹೊಟ್ಟೆಯಲ್ಲಿ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡರೂ ಅಡ್ಡಿಯಿಲ್ಲ, ಏಕೆಂದರೆ ಆ ಐದು ತಿಂಗಳಲ್ಲಿ ನನ್ನ ಎರಡು ಪ್ಯಾಂಟುಗಳು ಬಿಗಿಯಾದವು.

ನಾನು ಆದೋನಿಯ ಒಂದು ಕ್ರೈಸ್ತ ಸಭೆಯಲ್ಲಿ ಯುವಕರ ಪಾಸ್ಟರ್. ಯುವಕರ ಪಾಸ್ಟರ್ ಎಂದ ಮಾತ್ರಕ್ಕೆ ನಾನು ಯುವಕ ಎಂದು ತಿಳಿಯಬೇಡಿ. ಕೆಲಸಕ್ಕೆ ಸೇರಿದಾಗ ಯುವಕನಾಗಿದ್ದೆ. ನಮ್ಮ ದೊಡ್ಡ ಪಾಸ್ಟರರ ಆರೋಗ್ಯ ದೇವರ ದಯೆಯಿಂದ ಬಹಳ ಚೆನ್ನಾಗಿದೆ, ಆದ್ದರಿಂದ ತಲೆ ಅರ್ಧ ನೆರೆತರೂ ನಾನಿನ್ನೂ ಯುವಕರ ಪಾಸ್ಟರ್. ಜನ ನನ್ನನ್ನು ‘ಅಯ್ಯಗಾರು’ ಎನ್ನುತ್ತಾರೆ, ಅವರನ್ನು ‘ದೊಡ್ಡ ಅಯ್ಯಗಾರು’ ಎನ್ನುತ್ತಾರೆ. ನಮ್ಮ ಕಡೆ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ನಾನಂತೂ ಭಾನುವಾರದ ಪ್ರಸಂಗವನ್ನು ಒಂದು ಭಾಷೆಯಲ್ಲಿ ತಯಾರು ಮಾಡಿ, ಇನ್ನೊಂದರಲ್ಲಿ ಹೇಳಿ, ಮನೆಗೆ ಬಂದ ಮೇಲೆ ಹೆಂಡತಿಯಿಂದ ಎರಡರಲ್ಲೂ ಬೈಸಿಕೊಳ್ಳುತ್ತೇನೆ.

ನನಗಿರುವ ದೊಡ್ಡ ಚಟ ಓದು. ಊಟ ಮಾಡುತ್ತಾ ಓದುತ್ತೇನೆ, ಹಲ್ಲುಜ್ಜುತ್ತಾ ಓದುತ್ತೇನೆ. ಒಮ್ಮೆ ಚಿಪ್ಪಗಿರಿಯ ಕಡೆ ಒಂದು ಹಳ್ಳಿಗೆ ಪ್ರಾರ್ಥನೆಗೆಂದು ಹೊರಟವನು ಬಸ್ಸಿನಲ್ಲಿ ಪುಸ್ತಕದಿಂದ ತಲೆ ಎತ್ತದೆ ಕೂತು, ಅದೇ ಬಸ್ಸಿನಲ್ಲಿ ಆದೋನಿಗೆ ಮರಳಿ ಬಂದೆ. ಕಂಡಕ್ಟರು ಪಾಪ, ಓದುವವರನ್ನು ಎಬ್ಬಿಸಬಾರದು ಎಂದುಕೊಂಡನಂತೆ. ನನ್ನ ಹೆಂಡತಿ ಕೃಪಾ ಹೆಚ್ಚು ಓದಿದವಳಲ್ಲ. ಬೆಳಿಗ್ಗೆ ಬೈಬಲಿನ ಒಂದು ಪುಟ ವಾಕ್ಯ ಓದುತ್ತಾಳೆ, ಸಂಜೆಯೊಳಗೆ ಅದರಂತೆ ನಡೆದುಬಿಡುತ್ತಾಳೆ. ನಾನು ದಿನಕ್ಕೆ ನೂರು ಪುಟ ಓದುವವನು, ನಡೆಯಲು ಸಮಯ ಸಿಗುವುದಿಲ್ಲ. “ಓದಿದ್ದು ತಲಿಗೆ ಹೋಗ್ಲಿರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಓದೋವಾಗ ಕೈ ಎಲ್ಲಿಗೆ ಹೋಗ್ತೈತಿ ಅದನ್ನಾರ ನೋಡ್ರಿ” ಎಂದು ಅವಳು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾಳೆ.

ನಮ್ಮಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥಿಸುವಾಗ ಹೆಬ್ಬೆರಳಿಗೆ ಒಂದು ಹನಿ ಎಣ್ಣೆ ತಾಕಿಸಿಕೊಂಡು ಅವರ ಹಣೆಗೆ ಹಚ್ಚಿ, ತಲೆಯ ಮೇಲೆ ಕೈಯಿಡುವ ಪದ್ಧತಿ ಇದೆ. ಅದಕ್ಕಾಗಿ ಆಲಿವ್ ಎಣ್ಣೆಯ ಚಿಕ್ಕ ಸೀಸೆಯೊಂದನ್ನು ಚೀಲದಲ್ಲಿ ಒಯ್ಯುತ್ತೇನೆ. ಖಾಲಿಯಾದ ಸೀಸೆಯನ್ನು ಕೃಪಾ ಎಸೆಯುವವಳಲ್ಲ. ತೊಳೆದು, ಒರೆಸಿ, ಬಜ್ಜಿ ಕರಿದು ಉಳಿದ ಎಣ್ಣೆಯನ್ನು ಅದರಲ್ಲಿ ಸುರಿದಿಡುತ್ತಾಳೆ. ಮರುದಿನದ ಒಗ್ಗರಣೆಗೆ ಆಗುತ್ತದೆ. ಹೀಗೆ ಅಡುಗೆಮನೆಯ ಕಿಟಕಿಯಲ್ಲಿ ಒಂದೇ ಥರದ ಎರಡು ಸೀಸೆ ನಿಂತಿದ್ದವು. ಒಂದು ದೇವರ ಕೆಲಸಕ್ಕೆ, ಒಂದು ಒಗ್ಗರಣೆಗೆ. ಒಂದು ಭಾನುವಾರ ಸಂಜೆ ನಾನು ಒಂದು ಕೈಯಲ್ಲಿ ದಪ್ಪ ಪುಸ್ತಕ ಹಿಡಿದು ಓದುತ್ತಲೇ ಇನ್ನೊಂದು ಕೈಯಿಂದ ಸೀಸೆ ತೆಗೆದು ಚೀಲಕ್ಕೆ ಹಾಕಿಕೊಂಡೆ. ಪುಸ್ತಕ ಯಾವ ವಿಷಯದ್ದು ಎಂದು ಹೇಳಲು ನಾಚಿಕೆಯಾಗುತ್ತದೆ. ದೇವರ ಸೇವಕನು ಎಲ್ಲ ಹೊತ್ತಿನಲ್ಲೂ ಎಚ್ಚರವಾಗಿರುವುದು ಹೇಗೆ ಎಂಬುದರ ಬಗ್ಗೆ ಇತ್ತು.

ಹೋದದ್ದು ಪೆದ್ದಹರಿವಾಣಂ ಎಂಬ ಹಳ್ಳಿಗೆ, ಸಂತೋಷಮ್ಮನ ಮನೆಗೆ. ಸಂತೋಷಮ್ಮ ಹತ್ತಿ ಬಿಡಿಸುವ ಕೂಲಿ ಕೆಲಸದವರು. ಗಂಡ ಇಲ್ಲ. ಪ್ರತಿ ಭಾನುವಾರ ಶೇರ್ ಆಟೋದಲ್ಲಿ ಎಲ್ಲರಿಗಿಂತ ಮೊದಲು ಬಂದು ಮುಂದಿನ ಚಾಪೆಯಲ್ಲಿ ಕೂರುವವರು, ಮೊಣಕಾಲು ನೋವಿನಿಂದ ಎರಡು ವಾರದಿಂದ ಬಂದಿರಲಿಲ್ಲ. ನಾನು ಕಣ್ಣು ಮುಚ್ಚಿ, ಹಣೆಗೂ ಮೊಣಕಾಲಿಗೂ ಎಣ್ಣೆ ಹಚ್ಚಿ, ಮನಸಾರೆ ಪ್ರಾರ್ಥಿಸಿದೆ. ಎಣ್ಣೆ ಸ್ವಲ್ಪ ಕಪ್ಪಗೆ ಕಂಡಿತು. ಮನೆಯೊಳಗೆ ಬೆಳಕು ಕಮ್ಮಿ ಎಂದುಕೊಂಡೆ. ಪ್ರಾರ್ಥನೆಯ ನಡುವೆ ಬಾಯಲ್ಲಿ ನೀರೂರಿತು. ಅದನ್ನು ಆತ್ಮಿಕ ಹಸಿವು ಎಂದುಕೊಂಡೆ. ಮನೆಗೆ ಬಂದರೆ ಕೃಪಾ ಬಾಗಿಲಲ್ಲೇ ನಿಂತಿದ್ದಳು. “ಬಜ್ಜಿ ಎಣ್ಣಿ ಎಲ್ಲೈತ್ರಿ? ನಿಮ್ಮ ಪ್ರಾರ್ಥನಿ ಎಣ್ಣಿ ಇಲ್ಲೇ ಕುಂತೈತಿ ನೋಡ್ರಿ.”

ಮುಂದಿನ ಭಾನುವಾರವೇ ಹೇಳಿಬಿಡಬೇಕು ಎಂದುಕೊಂಡಿದ್ದೆ, ನಿಜವಾಗಿಯೂ. ಆದರೆ ಆ ಭಾನುವಾರ ಸಂತೋಷಮ್ಮ ನಡೆದುಕೊಂಡು ಒಳಗೆ ಬಂದರು. ನಮ್ಮಲ್ಲಿ ಹಾಡು ಮುಗಿದ ಮೇಲೆ, ದೇವರಿಂದ ಉಪಕಾರವಾದವರು ಎದ್ದು ಸಾಕ್ಷಿ ಹೇಳುತ್ತಾರೆ. ಅವರು ಎದ್ದರು. “ವಂದನಾಲು. ಅಯ್ಯಗಾರು ಮನಿತನಕ ಬಂದ್ರು, ತಲಿ ಮ್ಯಾಲ ಕೈಯಿಟ್ಟು ಪ್ರಾರ್ಥನಿ ಮಾಡಿದ್ರು. ಎಂಟು ದಿನದಾಗ ನನ್ನ ಮೊಣಕಾಲು ನನ್ನ ಮಾತು ಕೇಳಾಕ ಹತ್ತೈತಿ. ದೇವರಿಗೆ ಸ್ತೋತ್ರ.” ಇಷ್ಟೇ ಹೇಳಿ ಕೂತರು. ಹಿಂದಿನಿಂದ ಯಾರೋ “ಅಯ್ಯಗಾರ್ದು ಎಣ್ಣಿ! ವಾಸನೀನ ಬ್ಯಾರೆ ಇತ್ತಂತ!” ಎಂದರು. ಸಭೆಯೆಲ್ಲ ನನ್ನ ಕಡೆ ತಿರುಗಿತು. ನಾನು ಅಲ್ಲ ಎನ್ನಬೇಕಿತ್ತು. ಬದಲಿಗೆ ಕಣ್ಣು ಅರ್ಧ ಮುಚ್ಚಿ ಮೇಲಕ್ಕೆ ನೋಡಿದೆ. ಹಾಗೆ ನೋಡುವುದನ್ನು ನಾನು ಯಾವ ಪುಸ್ತಕದಲ್ಲೂ ಓದಿ ಕಲಿತದ್ದಲ್ಲ, ತಾನಾಗಿಯೇ ಬಂತು.

ಮುಂದಿನ ಶುಕ್ರವಾರ ಪ್ರಾರ್ಥನೆಗೆ ಬಾಗಿಲಾಚೆಗೂ ಸಾಲು. ನಾನು ಬುದ್ಧಿವಂತಿಕೆಯಿಂದ ಅಸಲಿ ಆಲಿವ್ ಎಣ್ಣೆ ಒಯ್ದಿದ್ದೆ. ಮೊದಲ ಮನುಷ್ಯನೇ ಮೂಗು ಅರಳಿಸಿ, “ಅಯ್ಯಗಾರ್ರಿ, ಇದು ಅದಲ್ಲ. ನಮ್ಮ ಬಡವರಿಗೆ ಡೂಪ್ಲಿಕೇಟ್ ಯಾಕ್ರಿ?” ಎಂದ. ಸಾಲಿನಲ್ಲಿ ಗುಸುಗುಸು ಎದ್ದಿತು. ಯಾವುದು ಅಸಲಿ ಯಾವುದು ನಕಲಿ ಎಂದು ವಿವರಿಸಲು ಹೋದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಹೆದರಿ, ಮನೆಗೆ ಓಡಿಬಂದು ಬಜ್ಜಿ ಎಣ್ಣೆಯ ಸೀಸೆ ತಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಪ್ರತಿ ಗುರುವಾರ ಬಜ್ಜಿ. ಎಣ್ಣೆಗೆ ಆ ವಾಸನೆ ಬರಬೇಕಾದರೆ ಮೂರು ಬಾರಿ ಕರಿಯಬೇಕು, ಕರಿದ ಬಜ್ಜಿಯನ್ನು ಯಾರಾದರೂ ತಿನ್ನಬೇಕು. ಮಂಡಕ್ಕಿ ಉಗ್ಗಾಣಿಯ ಜೊತೆ ತಿಂದೆ, ಅನ್ನದ ಜೊತೆ ತಿಂದೆ, ಕೊನೆಗೆ ಪುಸ್ತಕದ ಜೊತೆಯೂ ತಿಂದೆ. ಮೂರನೆಯ ತರಗತಿಯಲ್ಲಿರುವ ನಮ್ಮ ಮಗಳು ತಂದೆಯ ಉದ್ಯೋಗದ ಬಗ್ಗೆ ಶಾಲೆಯಲ್ಲಿ ಬರೆದದ್ದು ಎರಡೇ ಸಾಲು. ನಮ್ಮ ಅಪ್ಪ ಬಜ್ಜಿ ತಿನ್ನುತ್ತಾರೆ. ಆಮೇಲೆ ಪ್ರಾರ್ಥನೆ ಮಾಡುತ್ತಾರೆ.

ಎಣ್ಣೆಯ ಕೀರ್ತಿ ನನ್ನ ಕೈಮೀರಿ ಬೆಳೆಯಿತು. ಇಂಟರ್ ಪರೀಕ್ಷೆ ಬರೆಯುವ ಹುಡುಗಿಯರು ಹಾಲ್ ಟಿಕೆಟ್ ತಂದು ಹಚ್ಚಿಸಿಕೊಂಡರು. ಎಣ್ಣೆ ಇಳಿದು ಫೋಟೋದ ಮುಖವೇ ಕಾಣದಂತಾಗಿ, ಪರೀಕ್ಷೆಯ ದಿನ ತಾನು ತಾನೇ ಎಂದು ಒಬ್ಬಳು ಗೋಳಾಡಬೇಕಾಯಿತಂತೆ. ಯುವಕರ ಕ್ರಿಕೆಟ್ ತಂಡ ಬ್ಯಾಟಿಗೆ ಹಚ್ಚಿತು, ಬ್ಯಾಟು ಜಾರಿ ಅಂಪೈರಿನ ಕಡೆ ಹೋಯಿತು. ಪಕ್ಕದ ಮನೆಯ ಈರಣ್ಣ, ವರ್ಷವರ್ಷ ಉರುಕುಂದದ ದೇವಸ್ಥಾನಕ್ಕೆ ನಡೆದುಕೊಂಡು ಹೋಗುವ ಭಕ್ತ, ಗೋಡೆಯ ಮೇಲಿಂದ ಇಣುಕಿ, “ಅಯ್ಯಗಾರ್ರಿ, ನಮ್ಮ ಎಮ್ಮಿ ಹಾಲು ಕಮ್ಮಿ ಮಾಡೈತಿ. ನಮ್ಮ ದೇವರಿಗೆ ಹೇಳಿದೀನಿ, ನಿಮ್ಮ ಕಡಿಂದನೂ ಒಂದು ಮಾತು ಇರ್ಲಿ” ಎಂದ. ಇಲ್ಲ ಎನ್ನಲಾಗದೆ ಎಮ್ಮೆಯ ಹಣೆಗೂ ಹಚ್ಚಿದೆ. ಎಮ್ಮೆ ನಾಲಗೆ ಚಾಚಿ ತನ್ನ ಹಣೆಯನ್ನು ಮುಟ್ಟಲು ಬಹಳ ಹೊತ್ತು ಪ್ರಯತ್ನಿಸಿತು. ಆ ಎಣ್ಣೆಯ ನಿಜಸ್ಥಿತಿಯನ್ನು ಊರಿನಲ್ಲಿ ಮೊದಲು ಕಂಡುಹಿಡಿದದ್ದು ಅದೇ ಎಂದು ಆಗ ನನ್ನ ಗುಮಾನಿ. ನಾಯಿಗಳದ್ದು ಬೇರೆ ಕಥೆ. ಶುಕ್ರವಾರ ಪ್ರಾರ್ಥನೆ ಮುಗಿಸಿ ಹೋಗುವ ಭಕ್ತರ ಹಿಂದೆ ಓಣಿಯ ನಾಯಿಗಳೆಲ್ಲ ಶಿಸ್ತಾಗಿ ಸಾಲುಗಟ್ಟಿ ಹೋಗತೊಡಗಿದವು. ಬಜ್ಜಿ ಬಂಡಿಯವನೊಬ್ಬ ನಮ್ಮ ಪ್ರಾರ್ಥನಾ ಮಂದಿರದ ಎದುರಿಗೇ ಬಂಡಿ ತಂದು ನಿಲ್ಲಿಸಿದ. “ಏನೋ ಗೊತ್ತಿಲ್ರಿ, ನಿಮ್ಮ ಮಂದಿ ಹೊರಗ ಬಂದ್ರ ಸೀದಾ ನನ್ನ ಕಡೀಗೇ ಬರ್ತಾರ” ಎಂದು ನನಗೇ ಕೈಮುಗಿದ.

ಇಷ್ಟಾದರೂ ನನ್ನ ಮನಸ್ಸಾಕ್ಷಿ ಸುಮ್ಮನಿತ್ತೇ ಎಂದು ನೀವು ಕೇಳಬಹುದು. ಇರಲಿಲ್ಲ. ಆದರೆ ಓದಿದವನಿಗೆ ಸುಳ್ಳಿನಲ್ಲಿ ಬದುಕುವ ಅನುಕೂಲ ಹೆಚ್ಚು, ಪ್ರತಿ ಸುಳ್ಳಿಗೂ ಒಂದು ಅಡಿಟಿಪ್ಪಣಿ ಸಿಗುತ್ತದೆ. ನಾನು ಇದ್ದ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಎಣ್ಣೆಯ ವಿಷಯ ಹುಡುಕಿದೆ. ಆಲಿವ್ ಮರ ಬೆಳೆಯುವ ದೇಶದವರು ಆಲಿವ್ ಎಣ್ಣೆ ಹಚ್ಚಿದರು. ಶೇಂಗಾ ಬೆಳೆಯುವ ನಾವು ಶೇಂಗಾ ಎಣ್ಣೆ ಹಚ್ಚಿದರೆ ತಪ್ಪೇನು ಎಂದು ಕೃಪಾಳ ಮುಂದೆ ಅರ್ಧ ಗಂಟೆ ವಾದಿಸಿದೆ. ಅವಳು ಹಿಟ್ಟು ಕಲಸುತ್ತಾ ಪೂರ್ತಿ ಕೇಳಿ, “ಶೇಂಗಾ ಎಣ್ಣಿ ತಪ್ಪಲ್ರಿ. ಶೇಂಗಾ ಎಣ್ಣಿ ಅಂತ ಹೇಳದಿರೋದು ತಪ್ಪು” ಎಂದಳು. ನಾಲ್ಕು ದಪ್ಪ ಪುಸ್ತಕಗಳಲ್ಲಿ ಸಿಗದಿದ್ದದ್ದು ಅದೇ.

ಕೊನೆಗೆ ದೊಡ್ಡ ಅಯ್ಯಗಾರೇ ನನ್ನನ್ನು ಕರೆಸಿದರು. ವರ್ಷದ ದೊಡ್ಡ ಕೂಟ ಹತ್ತಿರವಾಗಿತ್ತು, ಸುತ್ತಲಿನ ಹಳ್ಳಿಗಳಿಂದೆಲ್ಲ ಜನ ಬರುವವರಿದ್ದರು. “ತಮ್ಮಾ, ಈ ಸಲ ಎಲ್ಲಾರಿಗೂ ನಿನ್ನ ಎಣ್ಣಿನ ಹಚ್ಚೋಣು. ಒಂದು ಐದು ಲೀಟರ್ ತಯಾರು ಮಾಡು. ಅದು ಎಲ್ಲಿಂದ ತರ್ತೀ, ಏನು ಕಥಿ ಅಂತ ಭಾನುವಾರ ಸಭಾದಾಗ ನೀನ ಹೇಳಿಬಿಡು, ಮಂದಿಗೂ ನಂಬಿಕಿ ಹೆಚ್ಚಾಗ್ತೈತಿ” ಎಂದು ಬೆನ್ನು ತಟ್ಟಿದರು. ಮನೆಗೆ ಬಂದು ಹೇಳಿದೆ. ಕೃಪಾ ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿದಳು.

“ಐದು ಲೀಟರ್ ಎಣ್ಣಿಗೆ ಆ ವಾಸನಿ ಬರಬೇಕಂದ್ರ ಆದೋನಿ ಮಂದಿಗೆಲ್ಲ ಬಜ್ಜಿ ತಿನ್ನಸಬೇಕಾಗ್ತೈತಿ. ನಾ ಇನ್ನ ಒಂದು ಬಜ್ಜೀನೂ ಕರಿಯಂಗಿಲ್ಲ. ಭಾನುವಾರ ನೀವು ಹೇಳ್ತೀರೋ, ನಾ ಎದ್ದು ನಿಂತು ಹೇಳ್ಲೋ?”

ಆ ವಾರ ನಾನು ಏನನ್ನೂ ಓದಲಿಲ್ಲ ಎಂದರೆ ನನ್ನ ಅವಸ್ಥೆ ನಿಮಗೆ ತಿಳಿಯುತ್ತದೆ. ನನ್ನ ಮಾನ ಹೋಗುವ ಭಯ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಸಂತೋಷಮ್ಮನ ಮುಖ ಕಣ್ಣೆದುರು ಬರುತ್ತಿತ್ತು. ಮೊಣಕಾಲು ಬಗ್ಗಿದರೆ ಮಾತ್ರ ಹತ್ತಿ ಬಿಡಿಸಿ ಕೂಲಿ ಕಾಣುವ ಹೆಂಗಸು. ಅವರು ನಂಬಿದ್ದನ್ನು ನಾನು ಎಲ್ಲರೆದುರು ಬಜ್ಜಿಯ ಎಣ್ಣೆ ಎಂದುಬಿಟ್ಟರೆ, ಅವರು ಮತ್ತೆ ಆ ಚಾಪೆಯಲ್ಲಿ ಬಂದು ಕೂರುತ್ತಾರೆಯೇ? ಬೇರೆ ಯಾರು ನಕ್ಕರೂ ತಡೆದುಕೊಂಡೇನು, ಅವರ ನಂಬಿಕೆಗೆ ಪೆಟ್ಟಾದರೆ ಅದನ್ನು ಹೊತ್ತುಕೊಂಡು ನಾನು ಎಲ್ಲಿಗೆ ಹೋಗಲಿ ಎಂದು ನಿಜವಾಗಿಯೂ ಸಂಕಟಪಟ್ಟೆ.

ಭಾನುವಾರ ಮೈಕು ಹಿಡಿದೆ. ಮೊದಲು ಆಲಿವ್ ಮರದ ಚರಿತ್ರೆಯಿಂದ ಪ್ರಾರಂಭಿಸಿದೆ. ಮೂರನೆಯ ಸಾಲಿನಲ್ಲಿ ಕೃಪಾ ಎದ್ದು ನಿಲ್ಲಲು ಸೆರಗು ಸರಿಮಾಡಿಕೊಳ್ಳುವುದು ಕಂಡಿತು. ತಕ್ಷಣ ಚರಿತ್ರೆ ಬಿಟ್ಟು, “ಅದು ನಮ್ಮನಿ ಬಜ್ಜಿ ಕರಿದ ಎಣ್ಣಿ. ಓದ್ಕೊಂತ ಮರತು ಒಯ್ದಿದ್ದೆ. ಆಮ್ಯಾಲ ಗೊತ್ತಿದ್ದೂ ಗೊತ್ತಿದ್ದೂ ಒಯ್ದೆ. ನನ್ನನ್ನ ಕ್ಷಮಿಸ್ರಿ” ಎಂದೆ. ದೊಡ್ಡ ಅಯ್ಯಗಾರು ಬಾಯಿ ತೆರೆದು, ಮುಚ್ಚಿ, ತಮ್ಮ ಹಣೆಯನ್ನೊಮ್ಮೆ ಮುಟ್ಟಿ ಬೆರಳನ್ನು ಮೂಸಿ ನೋಡಿದರು. ಹೋದ ಶುಕ್ರವಾರ ಅವರಿಗೂ ಹಚ್ಚಿದ್ದೆ.

ಸಂತೋಷಮ್ಮ ಎದ್ದರು. ಸಾಕ್ಷಿ ಹೇಳಬೇಕು ಎಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು.

“ನನಗ ಆವತ್ತೇ ಗೊತ್ತಾಗಿತ್ತು. ಹಣಿ ಒರಸಿಕೊಂಡ್ರ ಬಜ್ಜೀಗೆ ಹಾಕೋ ಅಜವಾನದ ಕಾಳು ಕೈಗೆ ಬಂತು. ನಾ ಏನು ಎಣ್ಣಿಯಿಂದ ಆರಾಮಾತು ಅಂದೆನೇನ್ರಿ? ಆಸ್ಪತ್ರಿ ಗುಳಿಗಿ ನುಂಗಿದ್ದೆ, ಅಯ್ಯಗಾರು ಅಷ್ಟು ದೂರ ಬಂದು ಪ್ರಾರ್ಥನಿ ಮಾಡಿದ್ರು. ಎರಡೂ ದೇವರು ಕೊಟ್ಟಿದ್ದೇ. ಎಣ್ಣಿ ಎಣ್ಣಿ ಅಂತ ಕುಣಿದೋರು ನೀವು.”

ಸಭೆ ತಲೆ ತಗ್ಗಿಸಿತು. ನಾನು ಮನಸ್ಸಿನಲ್ಲೇ ಅವರ ಹಳೆಯ ಸಾಕ್ಷಿಯನ್ನು ಮತ್ತೊಮ್ಮೆ ಕೇಳಿಕೊಂಡೆ. ಹೌದು, ಅದರಲ್ಲಿ ಎಣ್ಣೆಯ ಹೆಸರೇ ಇರಲಿಲ್ಲ. ಅವರ ನಂಬಿಕೆಗೆ ಪೆಟ್ಟಾಗುತ್ತದೆಂದು ವಾರವೆಲ್ಲ ಮರುಗಿದ್ದೆನಲ್ಲ, ಅದು ಇದ್ದಲ್ಲೇ ಗಟ್ಟಿಯಾಗಿ ಕೂತಿತ್ತು.

“ಮತ್ಯಾಕವ್ವ ಇಷ್ಟು ದಿನ ಸುಮ್ಮನಿದ್ದಿ?” ಎಂದು ಕೇಳಿದೆ.

“ಸುಮ್ಮನ ಎಲ್ಲಿದ್ದೆರಿ ಅಯ್ಯಗಾರು, ದಿನಾ ಮುಂಜಾನಿ ನಿಮಗೋಸ್ಕರ ಪ್ರಾರ್ಥನಿ ಮಾಡ್ತಿದ್ದೆ, ನಮ್ಮ ಅಯ್ಯಗಾರು ಖರೇ ಹೇಳೋಹಂಗ ಆಗ್ಲಿ ಅಂತ” ಎಂದರು. ಆಮೇಲೆ ಸಭೆಯ ಕಡೆ ತಿರುಗಿ, ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು ಹೇಳಿದರು. “ನನ್ನ ಮೊಣಕಾಲಿಗೆ ಎಂಟು ದಿನ ಸಾಕಾತು. ಅಯ್ಯಗಾರ ಬಾಯಿಗೆ ಐದು ತಿಂಗಳು ಹಿಡೀತು. ದೇವರಿಗೆ ಸ್ತೋತ್ರ.”

ಸಭೆಯೆಲ್ಲ “ಸ್ತೋತ್ರ” ಎಂದಿತು. ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಮೂರನೆಯ ಸಾಲಿನಿಂದ, ನನ್ನ ಹೆಂಡತಿಯ ದನಿ.