ಜೀಪಿನಲ್ಲಿ ಹೊರಟುಹೋದ ಆಳಂದದ ಮೊದಲ ರೈಲು

ಆಳಂದ, ಕಾರ್ತೀಕ ಮಾಸ, ೧೯೮೯

ಹೊಸ ರೈಲು ಮಾರ್ಗದ ಸಮೀಕ್ಷೆಗೆಂದು ನಮ್ಮೂರಿಗೆ ದಯಮಾಡಿಸಿದ್ದ ದೊಡ್ಡ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಇನ್ನೂ ಬಾರದ ಸ್ಟೇಷನ್ನಿನ ಹೆಸರಿನಲ್ಲಿ ಆಗಲೇ ಸ್ಟೇಷನ್ ರಸ್ತೆ ಎಂದು ಕರೆಸಿಕೊಳ್ಳುತ್ತಿರುವ ಆಳಂದದ ಓಣಿಯೊಂದರಿಂದ, ತೊಗರಿ ಬೇಳೆ ಮಿಲ್ಲಿನ ಕಲ್ಯಾಣಪ್ಪ ಎಂಬ ಬಡಪಾಯಿ ಮಾಡುವ ಶರಣು ಶರಣಾರ್ಥಿಗಳು. ತಾವು, ತಮ್ಮ ಮನೆಯವರು, ತಮ್ಮ ಜೀಪು ಮತ್ತು ತಮ್ಮ ಪಡಸಾಲೆಯ ಗಾಜಿನ ಷೋಕೇಸು ಕ್ಷೇಮವೆಂದು ನಂಬಿದ್ದೇನೆ. ಷೋಕೇಸಿನ ಕ್ಷೇಮವನ್ನು ಪ್ರತ್ಯೇಕವಾಗಿ ವಿಚಾರಿಸಲು ಕಾರಣವಿದೆ. ಅದನ್ನು ಮುಂದೆ ಸಾವಕಾಶವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಪತ್ರವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಕಚೇರಿಗೆ ಬರೆದ ಪತ್ರಗಳೆಲ್ಲ ನಮ್ಮೂರಿನ ರೈಲಿನಂತೆಯೇ ಎಲ್ಲೋ ಪರಿಶೀಲನೆಯಲ್ಲಿ ನಿಂತಿವೆ.

ತಮ್ಮ ಸಮೀಕ್ಷೆಯನ್ನು ಊರಿಗೆ ಊರೇ ಕೊಂಡಾಡುತ್ತಿದೆ ಎಂಬುದನ್ನು ಮೊದಲು ತಿಳಿಸಬೇಕು. ಆಳಂದಕ್ಕೆ ರೈಲು ಬಂತೆಂದು ನನ್ನ ತಂದೆಯ ಕಾಲದಿಂದಲೂ ಹೇಳುತ್ತ ಬಂದವರು ಬಹಳ ಮಂದಿ. ಆದರೆ ಕೆಂಪು ಬಿಳಿ ಪಟ್ಟಿಯ ಕೋಲು ಹಿಡಿಸಿ, ಮೂರು ಕಾಲಿನ ದುರ್ಬೀನಿಗೆ ಕಣ್ಣಿಟ್ಟು, ಜೋಳದ ಹೊಲದ ನಟ್ಟನಡುವೆ ಗುರುತಿನ ಕಲ್ಲು ನೆಡಿಸಿದವರು ತಾವೊಬ್ಬರೇ. ಆ ಕಲ್ಲುಗಳು ವ್ಯರ್ಥವಾಗಿಲ್ಲ. ಹೊಲದ ಒಡತಿ ಬಾಳಮ್ಮ ಅವುಗಳಲ್ಲಿ ಒಂದಕ್ಕೆ ತನ್ನ ಎಮ್ಮೆಯನ್ನು ಕಟ್ಟುತ್ತಾಳೆ. ಸರಕಾರಿ ಕಲ್ಲಿಗೆ ಎಮ್ಮೆ ಕಟ್ಟಬಹುದೇನವ್ವಾ ಎಂದು ನಾನು ಕೇಳಿದ್ದಕ್ಕೆ, "ರೈಲ್ ಬರೂ ತನಕಾ ಎಮ್ಮೀನೇ ನಿಂದ್ರಲಿ ಬಿಡ್ರಿ" ಅಂದಳು. ಹೀಗೆ ಆಳಂದ ಮಾರ್ಗದ ಮೇಲೆ ಸದ್ಯಕ್ಕೆ ಒಂದು ಎಮ್ಮೆಯಾದರೂ ತಂಗಿದೆ.

ರೈಲಿಲ್ಲದ ಊರಿನವನಿಗೆ ರೈಲಿನ ಹುಚ್ಚು ಹಿಡಿಯಬಾರದೆಂಬ ಕಾನೂನಿಲ್ಲವಷ್ಟೆ. ಬೇಳೆ ಚೀಲಗಳನ್ನು ಮುಟ್ಟಿಸಲು ಗುಲಬರ್ಗಾದ ಗೂಡ್ಸ್ ಷೆಡ್ಡಿಗೆ ಹೋದಾಗಲೆಲ್ಲ ಡಬ್ಬಿಗಳ ಚಕ್ರ, ಕೊಂಡಿ ನೋಡುತ್ತ ನಿಂತು ಲಾರಿಯವನಿಂದ ಬೈಸಿಕೊಂಡವನು ನಾನು. ಎಪ್ಪತ್ತರ ದಶಕದಲ್ಲಿ ಪತ್ರಮಿತ್ರರ ಕೂಟವೊಂದಕ್ಕೆ ಬರೆದುಕೊಂಡಾಗ, ಅವರು ನನ್ನ ಕಸುಬು ಕಾಳುಕಡಿಯ ಸಾಗಣೆಯೆಂದು ನೋಡಿ, ಐರ್ಲೆಂಡಿನಲ್ಲಿ ಬೀಟ್ ಗಡ್ಡೆ ಸಾಗಿಸುವ ಗೂಡ್ಸ್ ಗಾಡಿಗೆ ಗಾರ್ಡ್ ಆಗಿದ್ದ ಡೋನಲ್ ಎಂಬವರನ್ನು ನನಗೆ ಗಂಟುಹಾಕಿದರು. ಅವರ ದೇಶದಲ್ಲಿ ಗಡ್ಡೆಯಿಂದ ಸಕ್ಕರೆ ತೆಗೆಯುತ್ತಾರೆಂಬುದನ್ನು ನಾನು ನಂಬಲಿಲ್ಲ. ನಮ್ಮ ಅಫಜಲಪುರದ ಕಡೆ ಕೋಲಿನಂಥ ಗಿಡದಿಂದ ತೆಗೆಯುತ್ತಾರೆಂಬುದನ್ನು ಅವರು ಬಹುಕಾಲ ತಮಾಷೆಯೆಂದೇ ತಿಳಿದಿದ್ದರು. ಹೀಗೆ ಸಂಶಯದಲ್ಲಿ ಹುಟ್ಟಿದ ಸ್ನೇಹ ಗಟ್ಟಿಯಾಗಿಯೇ ಉಳಿಯಿತು.

ಬಿಡುವಿನ ವೇಳೆಯಲ್ಲಿ ಡೋನಲ್ ತಮ್ಮ ದೇಶದ ರೈಲನ್ನು ಎಪ್ಪತ್ತಾರು ಪಟ್ಟು ಕುಗ್ಗಿಸಿ, ತಗಡು ಹಿತ್ತಾಳೆಯಲ್ಲಿ, ಒಂದು ಮೊಳೆಯೂ ತಪ್ಪದಂತೆ ಮಾಡುತ್ತಿದ್ದರು. ಅವು ಒಂದೊಂದಾಗಿ ನನಗೆ ಬರತೊಡಗಿದವು: ಗಡ್ಡೆಯ ಡಬ್ಬಿಗಳು, ಗುಂಡುಹೊಟ್ಟೆಯ ಸಿಮೆಂಟ್ ಡಬ್ಬಿ, ಅವರೇ ಕುಳಿತು ಹೋಗುತ್ತಿದ್ದ ಗಾರ್ಡ್ ಡಬ್ಬಿ. ನನ್ನ ಮನೆಯವಳು ಗುರುಶಾಂತಮ್ಮ ತವರಿನ ಹಿತ್ತಾಳೆ ಪಾತ್ರೆಗಳನ್ನು ಅಟ್ಟಕ್ಕೇರಿಸಿ ಗಾಜಿನ ಕಪಾಟು ತೆರವು ಮಾಡಿಕೊಟ್ಟಳು. ಒಂದು ಡಬ್ಬಿಯ ಬಣ್ಣ ಇಟ್ಟಂಗಿಯದೋ ಕಾಚಿನದೋ ಎಂದು ತೀರ್ಮಾನಿಸಲು ಒಂದು ಇಡೀ ಮಳೆಗಾಲ ಪತ್ರವ್ಯವಹಾರ ನಡೆದದ್ದುಂಟು. ಕಡೆಗೆ ಬಂತು ಎಂಜಿನ್. ಗೇಣುದ್ದದ ಡೀಸೆಲ್ ಎಂಜಿನ್, ಮೈಗೆ ಕಪ್ಪು ಮತ್ತು ಕಿತ್ತಳೆ ಬಣ್ಣ, ಡ್ರೈವರನ ಕೋಣೆ ಒಂದೇ ಕಡೆ ಇರುವುದರಿಂದ ಮುಖ ಬೇರೆ ಬೆನ್ನು ಬೇರೆ, ಹಿಡಿಕಂಬಿಗಳಿಗೆ ಪಿಟೀಲಿನ ತಂತಿ. ಐರ್ಲೆಂಡಿನ ಎರಡು ಹಳಿಗಳ ನಡುವಿನ ಅಂತರ ನಮ್ಮದಕ್ಕಿಂತ ಮೂರು ಇಂಚು ಕಡಿಮೆ, ಇಂಗ್ಲೆಂಡಿನದಕ್ಕಿಂತ ಹೆಚ್ಚು. ಅಂಗಡಿಯಲ್ಲಿ ಸಿಗುವ ಆಟಿಕೆಗಳು ಈ ವಿಷಯದಲ್ಲಿ ಸುಳ್ಳು ಹೇಳುತ್ತವೆ, ಡೋನಲ್ ಹೇಳಲಿಲ್ಲ. ಆ ಅಂತರವನ್ನೂ ಕುಗ್ಗಿಸಿ, ಎಂಜಿನ್ನಿಗೆ ತಕ್ಕ ಮೊಳದುದ್ದದ ಹಳಿಯನ್ನು ಜೊತೆಗೆ ಕಳಿಸಿದ್ದರು.

ತಾವು ನಮ್ಮ ಮನೆಗೆ ಊಟಕ್ಕೆ ಬಂದದ್ದು ನಮ್ಮ ಪುಣ್ಯ. ಪುಂಡಿಪಲ್ಯವನ್ನು ಮತ್ತೆ ಕೇಳಿ ಬಡಿಸಿಕೊಂಡಿರಿ, ಹೋಳಿಗೆಯ ಲೆಕ್ಕವನ್ನು ನಾವೂ ಇಡಲಿಲ್ಲ, ತಾವೂ ಇಡಲಿಲ್ಲ. ಕೈ ತೊಳೆದು ಬಂದವರು ಕಪಾಟಿನ ಮುಂದೆ ನಿಂತು, ಎಂಜಿನ್ನನ್ನು ಅಂಗೈ ಮೇಲಿಟ್ಟುಕೊಂಡು, ಬಹಳ ಸೊಗಸಾಗಿದೆಯೆಂದಿರಿ. ಆಗ ನನ್ನ ಅಪ್ಪನ ಬಾಯಿಂದ, ಅವರ ಅಪ್ಪನ ಬಾಯಿಂದ ಬರುತ್ತಿದ್ದ ಹಾಗೆಯೇ ನನ್ನ ಬಾಯಿಂದಲೂ ಆ ಮಾತು ಬಂತು: "ನಿಮ್ದೇ ಅದರಿ ಸಾಹೇಬ್ರ, ತಗೊಂಡ್ ಹೋಗ್ರಿ." ತಾವು ಥ್ಯಾಂಕ್ಯೂ ಎಂದು ಜೀಪು ಹತ್ತಿದಿರಿ. ಆಳಂದದಿಂದ ಹೊರಟ ಮೊದಲ ರೈಲು ಹೀಗೆ ಕರವಸ್ತ್ರದಲ್ಲಿ ಸುತ್ತಿಕೊಂಡು, ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು ಹೋಯಿತು. ಓಣಿಯವರೆಲ್ಲ ಕೈ ಬೀಸಿದರು, ನಾನೂ ಬೀಸಿದೆ.

ತಾವು ಯಾವ ಸೀಮೆಯವರೆಂದು ನಾನು ಕೇಳಿರಲಿಲ್ಲ, ಆದ್ದರಿಂದ ತಮ್ಮನ್ನು ದೂರುವಂತಿಲ್ಲ. ನಿಜಾಮರ ರಾಜ್ಯ ಹೋದರೂ ಅವರ ಕಾಲದ ಅದಬು, ಅಂದರೆ ನಡೆನುಡಿಯ ಮರ್ಯಾದೆ, ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೋಗಿಲ್ಲ. ಇಲ್ಲಿ ಬಂದವರು ಏನನ್ನು ಹೊಗಳಿದರೂ ಮನೆಯವರು ಅದು ನಿಮ್ಮದೇ ಎನ್ನಬೇಕು. ಬಂದವರು ಬ್ಯಾಡ್ರಿ, ನಿಮ್ಮಲ್ಲೇ ಇರಲಿ ಎನ್ನಬೇಕು. ಜೇವರ್ಗಿಯ ಬೀಗರು ಒಮ್ಮೆ ನಮ್ಮಣ್ಣನ ಎತ್ತಿನ ಜೋಡಿಯನ್ನು ಹೊಗಳಿದಾಗ ಅಣ್ಣ ಹಗ್ಗವನ್ನೇ ಅವರ ಕೈಗಿಟ್ಟ. ಬೀಗರು ಹಗ್ಗವನ್ನು ಕಣ್ಣಿಗೊತ್ತಿಕೊಂಡು ಮರಳಿ ಕೊಟ್ಟರು, ಚಹಾ ಕುಡಿದರು, ಎತ್ತು ತಮ್ಮ ಗೋದಲಿಯಲ್ಲೇ ಮೇವು ತಿಂದವು. ಅಂಗಿ ಛಂದ ಅದ ಎಂದವರಿಗೆಲ್ಲ ನಾನು ನಿಮ್ಮದೇ ಎಂದಿದ್ದೇನೆ. ಇದುವರೆಗೆ ಯಾರೂ ನನ್ನನ್ನು ಬರಿಮೈಯಲ್ಲಿ ಮನೆಗೆ ಕಳಿಸಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುರುಶಾಂತಮ್ಮನಿಗೆ ನನ್ನ ಸಂಕಟ ಹೇಳಿಕೊಂಡರೆ, "ಕೊಟ್ಟೋರೂ ನೀವೇ, ಅಳೋರೂ ನೀವೇ" ಎಂದು ಎದ್ದು ಹೋದಳು. ನಮ್ಮ ಓಣಿಯಲ್ಲಿ ಇಂಥ ವ್ಯಾಜ್ಯಗಳಿಗೆಲ್ಲ ಕಡೆಯ ತೀರ್ಪು ಪಕ್ಕದ ಮನೆಯ ಗೌಸಿಯಾಬೇಗಂ ಅವರದು. ಅವರ ಮನೆತನದ ಅದಬು ನಮ್ಮೆಲ್ಲರದಕ್ಕಿಂತ ಹಳೆಯದು. ಅವರು ಎಲೆಅಡಿಕೆ ಮಡಚುತ್ತ ಪೂರ್ತಿ ಕೇಳಿಸಿಕೊಂಡು, "ಮೂರ್ ಸಲ ಬ್ಯಾಡ ಅನ್ನಬೇಕ್ರೀ. ಒಂದ್ ಸಲಾನೂ ಅನ್ಲಿಲ್ಲಾ? ಯಾ ಸಾಲ್ಯಾಗ ಓದ್ಯಾರ್ರಿ ಸಾಹೇಬ್ರು?" ಎಂದರು. ತಾವು ಬಹಳ ದೊಡ್ಡ ಓದು ಓದಿದವರೆಂದು ಹೇಳಿ ತಮ್ಮ ಮಾನ ಉಳಿಸಿದೆ. ಕೊಟ್ಟದ್ದನ್ನು ಬಾಯಿಬಿಟ್ಟು ಕೇಳುವುದು ಮಾತ್ರ ಆಗದು ಎಂದು ಅವರು ಖಡಾಖಂಡಿತ ಹೇಳಿರುವುದರಿಂದ, ನಾನು ಈ ಪತ್ರದಲ್ಲಿ ಎಂಜಿನ್ನನ್ನು ಕೇಳುತ್ತಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಕೇಳದೆ ಇದ್ದುಬಿಡುತ್ತಿದ್ದೆ ಕೂಡ. ಆದರೆ ನನ್ನ ಅಳಿಯ ದೌಲತರಾಯ ಅರ್ಜಿಯೊಂದನ್ನು ಹಿಡಿದು ತಮ್ಮ ಬಂಗಲೆಗೆ ಬಂದವನು ಷೋಕೇಸನ್ನು ಕಣ್ಣಾರೆ ನೋಡಿಬಂದ. ಎಂಜಿನ್ ಗೋಡೆಗೆ ಮುಖ ಮಾಡಿ ನಿಂತಿದೆಯಂತೆ, ಅದರ ಬೆನ್ನಿಗೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಆಟಿಕೆ ರೈಲುಡಬ್ಬಿಯೊಂದನ್ನು ರಬ್ಬರಿನಿಂದ ಬಿಗಿದಿದೆಯಂತೆ, ಪಕ್ಕದಲ್ಲಿ ತಾಜಮಹಲು. ಅದನ್ನೂ ತಡೆದುಕೊಂಡೆ. ಎಂಜಿನ್ನಿನ ಹೊಗೆಕಿಂಡಿಗೆ ಊದಿನಕಡ್ಡಿ ಸಿಕ್ಕಿಸಿ, ಹೆಂಗೆ ಹೊಗೆ ಬಿಡುತ್ತದೆ ನೋಡಿ ಎಂದು ತಾವು ಬಂದವರಿಗೆಲ್ಲ ತೋರಿಸುತ್ತೀರೆಂದು ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ. ಬೀಟ್ ಗಡ್ಡೆ ಎಳೆಯಲು ಹುಟ್ಟಿದ ಡೀಸೆಲ್ ಎಂಜಿನ್ನಿನಿಂದ ಗಂಧದ ವಾಸನೆ ಹೊರಡಿಸಿದವರು ರೈಲಿನ ಚರಿತ್ರೆಯಲ್ಲಿ ತಾವೇ ಮೊದಲಿಗರು ಎಂದು ಅಭಿನಂದಿಸುತ್ತೇನೆ. ಹೊಟ್ಟೆ ಉರಿಯುತ್ತದೆ ಎಂದೂ ಹೇಳಿಬಿಡುತ್ತೇನೆ.

ಈಗ ನಿಜವಾದ ಸಂಕಟಕ್ಕೆ ಬರುತ್ತೇನೆ. ಡೋನಲ್ ಅವರ ಕಣ್ಣು ಈ ವರ್ಷ ಪೂರ್ತಿ ಹೋಗಿದೆ. ತಮ್ಮಲ್ಲಿರುವುದು ಅವರು ಮಾಡಿದ ಕಡೆಯ ಎಂಜಿನ್. ಅಂಥದು ಇನ್ನೊಂದು ಹುಟ್ಟುವುದಿಲ್ಲ. ಅವರ ಪತ್ರಗಳನ್ನು ಈಗ ಮಗಳು ನೋರಾ ಬರೆಯುತ್ತಾಳೆ, ಮತ್ತು ಆಕೆ ಎಳ್ಳಮಾವಾಸ್ಯೆಯ ಹೊತ್ತಿಗೆ ನಮ್ಮ ಮನೆಗೆ ಬರಲಿದ್ದಾಳೆ. ಎಂಜಿನ್ನನ್ನು ಹಳಿಯ ಮೇಲಿಟ್ಟು ಬೆರಳಿನಿಂದ ತಳ್ಳಿ, ಅದು ತಡವರಿಸದೆ ಉರುಳುತ್ತದೆಯೇ ನೋಡಿಬಂದು ಹೇಳಬೇಕೆಂದು ಅಪ್ಪ ಅವಳಿಗೆ ಹೇಳಿದ್ದಾರಂತೆ. ಆಳಂದಕ್ಕೆ ಹೋಗುವ ಗಾಡಿ ಗುಲಬರ್ಗಾದ ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ ಎಂದು ಅವಳು ಕೇಳಿದ್ದಾಳೆ. ರೈಲನ್ನು ಇಷ್ಟು ಪ್ರೀತಿಸುವ ಮನುಷ್ಯನ ಊರಿಗೆ ರೈಲಿಲ್ಲ ಎಂಬುದು ಆ ಅಪ್ಪ ಮಗಳಿಗೆ ಹೊಳೆದಿರಲಿಕ್ಕಿಲ್ಲ. ಬಸ್ಸಿಗೆ ಬಾ ತಾಯಿ ಎಂದು ಬರೆದೆ. ಎಂಜಿನ್ನಿನ ವಿಷಯ ಬರೆಯಲು ಕೈ ಏಳಲಿಲ್ಲ. ಕಣ್ಣಿಲ್ಲದ ಮುದುಕ ಉತ್ತರಕ್ಕೆ ಕಾದು ಕುಳಿತಿರುತ್ತಾರೆ, ಸಾಹೇಬರೇ, ಆ ಹುಡುಗಿಗೆ ನಾನು ಬರೀ ಹಳಿಯನ್ನು ತೋರಿಸಲೇ?

ಎಂಜಿನ್ನನ್ನು ನಾನು ಈಗಲೂ ಕೇಳುತ್ತಿಲ್ಲ. ಅದರ ಬದಲಿಗೆ ತಮ್ಮ ಷೋಕೇಸನ್ನೇ ಆಳಂದ ರೈಲು ನಿಲ್ದಾಣವೆಂದು ಸಾರಿ, ತಾಜಮಹಲಿನ ಪಕ್ಕದಲ್ಲಿ ಊರಿನ ಹೆಸರಿನ ಹಳದಿ ಹಲಗೆ ನಿಲ್ಲಿಸಿ, ನಮ್ಮ ಮಂದಿಗೆ ಒಳಗೆ ಬಂದು ಹೋಗಲು ಪ್ಲಾಟ್‌ಫಾರ್ಮ್ ಟಿಕೇಟು ಕೊಡಿಸಬಹುದು. ಅದೂ ಕಷ್ಟವಾದರೆ, ಆಳಂದಕ್ಕೆ ಬರಬೇಕಾದ ಗಾಡಿ ಸಾಹೇಬರ ಮನೆಯಲ್ಲಿ ತಡೆದು ನಿಂತಿದೆ, ಪ್ರಯಾಣಿಕರು ಸಹಕರಿಸಬೇಕು ಎಂದು ದಿನಕ್ಕೊಮ್ಮೆಯಾದರೂ ತಮ್ಮ ಬಾಗಿಲಲ್ಲಿ ನಿಂತು ಘೋಷಿಸಬಹುದು. ಬಾಳಮ್ಮ ತನ್ನ ಎಮ್ಮೆಗೆ ಹಸಿರು ಬಾವುಟ ತೋರಿಸಲು ಸಿದ್ಧಳಿದ್ದಾಳೆ.

ಇವೆಲ್ಲವುಗಳಿಗಿಂತ ಸಲೀಸಾದ ದಾರಿಯೊಂದನ್ನು ಗೌಸಿಯಾಬೇಗಂ ಅವರೇ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಹೇಳಿಕೊಟ್ಟಿದ್ದಾರೆ. ಬರುವ ಸೋಮವಾರ ನಾನು ಅವರನ್ನು ಕರೆದುಕೊಂಡು, ಒಂದು ಬುಟ್ಟಿ ಹೋಳಿಗೆಯೊಂದಿಗೆ ತಮ್ಮ ಮನೆಗೆ ಬರುತ್ತೇನೆ. ಷೋಕೇಸಿನ ಮುಂದೆ ನಿಂತು, ಈ ಎಂಜಿನ್ ಬಹಳ ಸೊಗಸಾಗಿದೆ ಎನ್ನುತ್ತೇನೆ. ತಾವು ಮಾಡಬೇಕಾದುದು ಇಷ್ಟೇ: ನಮ್ಮ ಸೀಮೆಯ ಹೋಳಿಗೆ ತಿಂದ ಬಾಯಿಂದ, ನಮ್ಮ ಸೀಮೆಯ ಮಾತೊಂದನ್ನು ಆಡಬೇಕು. ನಿಮ್ದೇ ಅದರಿ, ತಗೊಂಡ್ ಹೋಗ್ರಿ. ಅದಬಿನ ಪ್ರಕಾರ ನಾನು ಮೂರು ಸಲ ಬೇಡ ಎನ್ನಬೇಕು. ನನ್ನ ಅಪ್ಪ, ಅಜ್ಜ, ಗೌಸಿಯಾಬೇಗಂ ಎಲ್ಲರೂ ಕ್ಷಮಿಸಲಿ, ನಾನು ಒಂದು ಸಲವೂ ಎನ್ನುವುದಿಲ್ಲ.

ಎಂಜಿನ್ ಒಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲಿ,
ತಮ್ಮ ವಿಶ್ವಾಸಿ,
ಕಲ್ಯಾಣಪ್ಪ

ತಾಜಾ ಕಲಂ: ಆ ಎಂಜಿನ್ ಓಡುವ ಹಳಿ ಜಗತ್ತಿನಲ್ಲಿ ಯಾವ ಅಂಗಡಿಯಲ್ಲೂ ಸಿಗದು, ಮತ್ತು ಅದು ನನ್ನ ಕಪಾಟಿನಲ್ಲಿ ದಿನಾಲೂ ಧೂಳು ಒರೆಸಿಕೊಂಡು ಕಾಯುತ್ತಿದೆ. ಹೀಗಾಗಿ ಹಳಿ ಆಳಂದಕ್ಕೆ ಬಂದಾಗಿದೆ, ಎಂಜಿನ್ ಕೂಡ ತಯಾರಾಗಿದೆ. ನಮ್ಮೂರಿಗೆ ರೈಲು ಇಷ್ಟು ಹತ್ತಿರ ಎಂದೂ ಬಂದಿರಲಿಲ್ಲ, ಸಾಹೇಬರೇ. ಇನ್ನು ಮೇಲಿನವರ ಮಂಜೂರಾತಿಯೇನೂ ಬೇಕಾಗಿಲ್ಲ, ತಾವು ಷೋಕೇಸಿನ ಬಾಗಿಲು ತೆಗೆದರೆ ಸಾಕು.