ಸಿಟ್ಟು ಹೊತ್ತುಕೊಂಡು ನ್ಯೂಜಿಲೆಂಡಿಗೆ

ನನ್ನದು ಸಿಟ್ಟಿನ ಸ್ವಭಾವ ಅಂತ ಮನೆಯಲ್ಲೂ ಹೇಳುತ್ತಾರೆ, ಕೆಲಸದಲ್ಲೂ ಹೇಳುತ್ತಾರೆ. ಸಿಟ್ಟು ಬರಿಸುವಂಥದ್ದೇ ನನ್ನ ಪಾಲಿಗೆ ಒಂದರ ಹಿಂದೊಂದು ಬರುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕುವೈತಿಗೆ ಬಂದು ಹನ್ನೊಂದು ವರ್ಷಕ್ಕೆ ಒಂದೇ ಒಂದು ಸಲ ನಮ್ಮ ಊರಿಗಲ್ಲದೆ ಬೇರೆ ಕಡೆಗೆ ರಜೆಯಲ್ಲಿ ಹೋದೆ. ಆಗ ಏನೇನಾಯಿತು ಕೇಳಿ.

ಪಾಸ್‌ಪೋರ್ಟ್

ನಾನು ಕುವೈತಿನ ಶುವೈಖ್‌ನಲ್ಲಿ ಗಾಡಿಗಳ ಬಿಡಿಭಾಗದ ಗೋದಾಮು ನೋಡಿಕೊಳ್ಳುತ್ತಿದ್ದೆ. ಹೆಂಡತಿ ನರ್ಸ್. ಅವಳ ತಂಗಿಯ ಸಂಸಾರ ನ್ಯೂಜಿಲೆಂಡಿನ ಉತ್ತರ ಕರಾವಳಿಯ ಒಂದು ಪಟ್ಟಣದಲ್ಲಿ. ಅಲ್ಲಿಗೆ ಹೋಗಲು ರಜೆ ಕೇಳಿದರೆ ಮ್ಯಾನೇಜರ್ ಅರ್ಜಿಯನ್ನು ವಾಪಸು ತಳ್ಳಿದ. ಇಂಡಿಯಾದವನಿಗೆ ರಜೆ ಇಂಡಿಯಾಕ್ಕೆ, ಸಮುದ್ರ ನೋಡಬೇಕಿದ್ದರೆ ಕುವೈತಿನಲ್ಲೇ ಇದೆ ಎಂದ. ನಾಲ್ಕನೆಯ ಅರ್ಜಿಗೆ ಸಹಿ ಬಿತ್ತು.

ನಮ್ಮ ಪಾಸ್‌ಪೋರ್ಟುಗಳೆಲ್ಲ ಆಫೀಸಿನ ಕಪಾಟಿನಲ್ಲೇ. ಮ್ಯಾನೇಜರ್ ತೆಗೆದುಕೊಟ್ಟ ಲಕೋಟೆ ಹಿಡಿದು ವೀಸಾ ಅರ್ಜಿ ಕೊಡಲು ಹೋದೆ. ಅಲ್ಲಿಯ ಹುಡುಗಿ ಬಿಚ್ಚಿ ನೋಡಿ, ನನ್ನನ್ನು ನೋಡಿ, ಮತ್ತೆ ಅದನ್ನೇ ನೋಡಿದಳು. ಒಳಗಿದ್ದದ್ದು ನಮ್ಮ ಕಂಪನಿಯ ಗ್ಯಾರೇಜಿನ ಈಜಿಪ್ಟಿನ ಮೆಕ್ಯಾನಿಕ್‌ನ ಪಾಸ್‌ಪೋರ್ಟ್, ಫೋಟೊದಲ್ಲಿ ಎದೆಯವರೆಗೆ ಗಡ್ಡ. ಉರಿಬಿಸಿಲಲ್ಲಿ ವಾಪಸು ಬಂದು ಮ್ಯಾನೇಜರನ ಮೇಜಿನ ಮೇಲೆ ಅದನ್ನು ಕುಕ್ಕಿದೆ.

ಅವನು ತಲೆ ಎತ್ತದೆ ಹೇಳಿದ: "ರಜೆಗೆ ಇನ್ನೂ ಎರಡು ತಿಂಗಳಿದೆ. ಗಡ್ಡ ಬಿಡು."

ಕಡಲು

ಅಂತೂ ತಲುಪಿದೆವು. ಬಿಳಿ ಮರಳು, ನೀರಿನ ಕಡೆಗೆ ಬಾಗಿದ ಮರಗಳ ತುಂಬ ಕೆಂಪು ಹೂ. ಷಡ್ಡಕ ದಿನವೂ ಒಂದೊಂದು ಪಟ್ಟಣಕ್ಕೆ, ಒಂದೊಂದು ಕಡಲತೀರಕ್ಕೆ ಕರೆದೊಯ್ದ. ಆದರೆ ಹೋದಲ್ಲೆಲ್ಲ ಕಾರು ನಿಲ್ಲಿಸಿ ಒಂದೇ ಮಾತು: "ನೋಡಿ ಭಾವ, ಥೇಟ್ ನಮ್ಮ ಮಲ್ಪೆ."

ನಾಲ್ಕನೇ ದಿನ ತಡೆಯಲಾಗಲಿಲ್ಲ. ಮಲ್ಪೆ ನೋಡುವುದಿದ್ದರೆ ಮಲ್ಪೆಗೇ ಹೋಗುತ್ತಿದ್ದೆ, ಅದಕ್ಕೆ ಮ್ಯಾನೇಜರನ ಹತ್ತಿರ ಮೂರು ಸಲ ಬೈಸಿಕೊಳ್ಳಬೇಕಿರಲಿಲ್ಲ, ಇನ್ನೊಮ್ಮೆ ಆ ಹೆಸರು ಎತ್ತಿದರೆ ಇಲ್ಲೇ ಇಳಿದು ನಡೆಯುತ್ತೇನೆ ಎಂದು ಕೂಗಾಡಿದೆ. ಪಾಪ, ಒಂದು ಗಂಟೆ ಎಲ್ಲೂ ನಿಲ್ಲಿಸದೆ ಕಾರು ಓಡಿಸಿದ. ಒಂದು ತಿರುವಿನಲ್ಲಿ ಇಡೀ ಕೊಲ್ಲಿ ಕಂಡಿತು, ನೀಲಿ ನೀರಿನಲ್ಲಿ ಹಸಿರು ದ್ವೀಪಗಳು. ಕಾರು ನಿಲ್ಲಿಸಿದ. ನನ್ನ ಮುಖ ನೋಡಿದ.

"ಇದು ಕಾಪು, ಭಾವ" ಎಂದ.

ನಾಯಕ

ಮರುದಿನವೂ ನಾನು ಷಡ್ಡಕನ ಜೊತೆ ಮಾತು ಬಿಟ್ಟಿದ್ದೆ. ಅವತ್ತು ಅಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರ ಸಭಾಮನೆಗೆ ಹೋದೆವು. ಬಂದ ಅತಿಥಿಗಳಿಗೆ ಒಬ್ಬ ನಾಯಕ ಬೇಕು. ಒಬ್ಬ ವೀರ ಈಟಿ ಬೀಸುತ್ತ, ಕಣ್ಣು ಹೊರಳಿಸುತ್ತ ಎದುರು ಬಂದು ನೆಲದ ಮೇಲೆ ಎಲೆಯೊಂದನ್ನು ಇಡುತ್ತಾನೆ. ನಾಯಕ ನಗದೆ, ದೃಷ್ಟಿ ಕೀಳದೆ ಅದನ್ನು ಎತ್ತಿಕೊಂಡರೆ ಜಗಳಕ್ಕೆ ಬಂದವರಲ್ಲ ಎಂದು ಅರ್ಥ. ನಮ್ಮನ್ನೆಲ್ಲ ಒಳಗೆ ಕರೆದೊಯ್ಯಲು ಬಂದ ಅಲ್ಲಿಯ ಹೆಂಗಸು ಹಲ್ಲು ಬಿಡುತ್ತಿದ್ದ ಪ್ರವಾಸಿಗಳನ್ನೆಲ್ಲ ದಾಟಿ ಸೀದಾ ನನ್ನ ಕಡೆ ಬೆರಳು ತೋರಿಸಿದಳು.

ಈಟಿ ಕಿವಿಯ ಹತ್ತಿರವೇ ಸುಯ್ ಎಂದಿತು. ಅವನು ದುರುಗುಟ್ಟಿದ, ನಾನೂ ದುರುಗುಟ್ಟಿದೆ. ಎಲೆ ಎತ್ತಿಕೊಂಡೆ. ಆಮೇಲೆ ಅವನೇ ಬಂದು ನನ್ನ ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿದ. ಒಂದೇ ಉಸಿರನ್ನು ಇಬ್ಬರೂ ಹಂಚಿಕೊಳ್ಳುವುದು ಅವರ ನಮಸ್ಕಾರ. ಗುರುತಿಲ್ಲದ ಮನುಷ್ಯ ಅಷ್ಟು ಗೌರವದಿಂದ ಹತ್ತಿರ ಬಂದಾಗ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅವನು, ಇಂಥ ಮುಖ ಮಾಡಲು ಇವರು ಎಷ್ಟು ದಿನ ಅಭ್ಯಾಸ ಮಾಡಿದರು ಎಂದು ನನ್ನ ಹೆಂಡತಿಯನ್ನು ಕೇಳಿದ.

"ಅಭ್ಯಾಸ ಎಂಥದ್ದು? ಊಟಕ್ಕೆ ಕೂತಾಗಲೂ ಇವರು ಹೀಗೇ" ಎಂದಳು.

ಮೂಗು

ಕುವೈತಿಗೆ ಮರಳಿ ಕೆಲಸಕ್ಕೆ ಹೋದ ಮೊದಲ ದಿನವೇ, ನಾನು ಆ ವೀರನ ಜೊತೆ ಮೂಗು ತಾಗಿಸಿದಾಗ ಹೆಂಡತಿ ತೆಗೆದಿದ್ದ ಫೋಟೊ ಗೋದಾಮಿನಲ್ಲಿ ಕೈಯಿಂದ ಕೈಗೆ ಹೋಗಿ ಮಾಲೀಕರಿಗೆ ತಲುಪಿತು. ಮ್ಯಾನೇಜರನ ತಂದೆ ಅವರು, ವಯಸ್ಸಾದವರು. ಸಂಜೆ ಗಂಡಸರೆಲ್ಲ ಕೂತು ಮಾತಾಡುವ ತಮ್ಮ ದಿವಾನಿಯಾಕ್ಕೆ ಅವತ್ತೇ ನನ್ನನ್ನು ಕರೆಸಿದರು. ಇವರ ಕುಲದಲ್ಲೂ ಮೂಗಿಗೆ ಮೂಗು ತಾಗಿಸಿ ನಮಸ್ಕರಿಸುತ್ತಾರೆ. ಫೋಟೊದವರು ಆ ದೇಶಕ್ಕೆ ಹೇಗೆ ಬಂದರು ಎಂದು ಕೇಳಿದರು. ದೋಣಿಯಲ್ಲಿ, ಬಹಳ ಹಿಂದೆ ಎಂದೆ. ನಮ್ಮ ಹಿರಿಯರೂ ದೋಣಿಯಲ್ಲಿ ಕಡಲು ಸುತ್ತಿದವರು, ಹಾಗಾದರೆ ನಮ್ಮವರೇ ಎಂದು ತೀರ್ಪು ಕೊಟ್ಟರು. ಎದ್ದು ನಿಂತು ನನ್ನ ಭುಜ ಹಿಡಿದು ಮೂಗು ತಾಗಿಸಿದರು. ದೊಡ್ಡವರೇ ಎದ್ದ ಮೇಲೆ ಉಳಿದವರು ಕೂರುತ್ತಾರೆಯೇ? ಒಬ್ಬೊಬ್ಬರೇ ಬಂದರು.

ಕೊನೆಯಲ್ಲಿ ಮ್ಯಾನೇಜರ್. ಹನ್ನೊಂದು ವರ್ಷ ನನ್ನ ಮುಖ ನೋಡದೆ ಮಾತಾಡಿದವನು. ತಂದೆ ನೋಡುತ್ತಿದ್ದರು, ಬೇರೆ ದಾರಿ ಇರಲಿಲ್ಲ. ಬಂದ, ಮೂಗಿಗೆ ಮೂಗು ಒತ್ತಿದ. ಈಗಲಾದರೂ ಒಂದು ಒಳ್ಳೆಯ ಮಾತು ಬಂದೀತು ಎಂದು ನಾನು ಉಸಿರು ಹಿಡಿದು ಕಾದೆ.

ಮೂಗು ತೆಗೆಯದೆಯೇ, ನನಗೊಬ್ಬನಿಗೇ ಕೇಳುವಂತೆ ಅವನು ಹೇಳಿದ: "ನಿನ್ನ ರಜೆ ಮೊನ್ನೆಗೇ ಮುಗಿದಿತ್ತು. ನಿನ್ನೆ ಎಲ್ಲಿದ್ದೆ?"