ಭಾವನ ಎಸ್ಕರಾಬಾಹೋ

ನಮ್ಮ ಭಾವನಿಗೆ ಸ್ಪ್ಯಾನಿಷ್ ಬರುತ್ತದೆ! ಒಂದೇ ಒಂದು ಪದ. ಆದರೇನು, ಆ ಒಂದು ಪದ ಹಿಡಿದುಕೊಂಡು ಡಲ್ಲಾಸ್‌ನಿಂದ ಹ್ಯೂಸ್ಟನ್‌ವರೆಗೂ ಬಿಡದೆ ಕೊರೆಯಬಲ್ಲರು. ಒಮ್ಮೆ ನಾನೇ ಅನುಭವಿಸಿದ್ದೇನೆ. ಡ್ರೈವ್ ಮಾಡುತ್ತಿದ್ದವನೂ ನಾನೇ, ಇಳಿದು ಓಡಿಹೋಗುವ ಹಾಗೂ ಇರಲಿಲ್ಲ.

ಪದ 'ಎಸ್ಕರಾಬಾಹೋ'. ಅಂದರೆ ಜೀರುಂಡೆ. ನಮ್ಮಕ್ಕನ ಹತ್ತಿರವಿದ್ದ ಗೂನುಬೆನ್ನಿನ ಹಳೇ ಕಾರನ್ನು ರಿಪೇರಿಗೆ ಒಯ್ದಾಗ ಪಕ್ಕದೂರು ರಿಚರ್ಡ್‌ಸನ್ನಿನ ಕೊಲಂಬಿಯನ್ ಮೆಕ್ಯಾನಿಕ್, "ನಮ್ಮಲ್ಲಿ ಈ ಕಾರಿಗೂ ಅದೇ ಹೆಸರು" ಅಂದನಂತೆ. ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು! ಬೇಸಿಗೆಯಲ್ಲಿ ಬಾಗಿಲ ದೀಪಕ್ಕೆ ಹುಳು ಬಂದು ಬಡಿದರೆ ಪೊರಕೆ ಎತ್ತುವ ಹಾಗಿಲ್ಲ.

"ಏ, ಹೊಡೀಬ್ಯಾಡೋ! ಎಸ್ಕರಾಬಾಹೋ ಅದು!"

ಕೊಲಂಬಿಯಾದಲ್ಲಿ ಬೆಟ್ಟ ಹತ್ತುವ ಸೈಕಲ್ ವೀರರಿಗೂ ಇದೇ ಹೆಸರೆಂದು ತಿಳಿದದ್ದೇ ತಡ, ಸೈಕಲ್ ಬಂತು. ಆದರೆ ಭಾವನ ಊರಾದ ಮರ್ಫಿಯೋ, ದೋಸೆ ಹಂಚಿನಷ್ಟು ಚಪ್ಪಟೆ. ಬೆಟ್ಟ ಎಲ್ಲಿಂದ ತರೋಣ? ಯಾವುದೋ ಮಾಲಿನ ಪಾರ್ಕಿಂಗ್ ಕಟ್ಟಡ ಹತ್ತಲು ಹೋಗಿ ಸೆಕ್ಯೂರಿಟಿಯವನ ಕೈಗೆ ಸಿಕ್ಕಿಬಿದ್ದರು. "ನಾ ಎಸ್ಕರಾಬಾಹೋ ಅದೀನ್ರಿ" ಅಂದರಂತೆ, ಅದೂ ಧಾರವಾಡ ಕನ್ನಡದಲ್ಲಿ! ಅಕ್ಕ ಕಾರು ತೆಗೆದುಕೊಂಡು ಹೋಗಿ ಬಿಡಿಸಿ ತಂದಳು. ದಾರಿಯುದ್ದಕ್ಕೂ ನಕ್ಕಳಂತೆ.

ಆಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ನೆನಪಿಲ್ಲ. ಹೋದ ಚಳಿಗಾಲ ಅಕ್ಕ ತೀರಿಕೊಂಡಳು. ಭಾವ ಡ್ರೈವಿಂಗ್ ಕಲಿತವರೇ ಅಲ್ಲ. ಜೀವನವಿಡೀ ಅವಳ ಪಕ್ಕ ಕೂತು ಬ್ರೇಕ್ ಹಾಕು, ನಿಧಾನ ಹೋಗು ಎಂದು ತಲೆ ತಿಂದವರು. ಕಾರು ಮನೆ ಮುಂದೆ ನಿಂತಲ್ಲೇ ನಿಂತು ಕೆಟ್ಟಿತು. ತೆಗೆಸಿ ಎಂದು ಬಡಾವಣೆಯವರ ನೋಟಿಸ್ ಬಂತು. ಆಸ್ಟಿನ್‌ನಿಂದ ಮಗಳು ಫೋನಿನಲ್ಲಿ, "ಡ್ಯಾಡ್, ಪ್ಲೀಸ್, ಲೆಟ್ ಇಟ್ ಗೋ" ಅಂತ ಅತ್ತಳು. ಭಾವ ಊಟ ಬಿಟ್ಟು ಕೂತರು. ಕೊನೆಗೆ ಒಂದೇ ಮಾತು: "ಆಯುಧ ಪೂಜಿ ಆಗ್ಲಿ. ಆಮ್ಯಾಲೆ ಒಯ್ಯಲಿ."

ಪೂಜೆಯ ದಿನವೇ ಟೋ ಟ್ರಕ್ ಬಂತು. ಕಾರಿಗೆ ಅರಿಶಿನ, ಕುಂಕುಮ, ಹೂವು, ಚಕ್ರದ ಕೆಳಗೆ ನಿಂಬೆಹಣ್ಣು. ಸರಿ, ಓಡದ ಕಾರು ನಿಂಬೆಹಣ್ಣು ಜಜ್ಜುವುದು ಹೇಗೆ?

"ನೂಕೋ!" ಅಂದರು ಭಾವ.

ನಾನೂ ಟ್ರಕ್ಕಿನವನೂ ನೂಕಿದೆವು. ನಿಂಬೆಹಣ್ಣು ಪಚಕ್ ಅಂತು. "ಇದೇನು, ಬ್ರೇಕ್ ಟೆಸ್ಟಾ?" ಎಂದು ಪಾಪ, ಆತ ಇಂಗ್ಲಿಷಿನಲ್ಲಿ ಕೇಳಿದ.

ಕಾರನ್ನು ಸರಪಳಿಗೆ ಬಿಗಿದಾಯಿತು. ಭಾವ ಕಿಟಕಿಯೊಳಗೆ ಬಗ್ಗಿ, ಖಾಲಿ ಡ್ರೈವರ್ ಸೀಟಿಗೆ ಮೆಲ್ಲಗೆ ಹೇಳಿದರು: "ಸಾವಕಾಶ ಹೋಗು. ಬಾಜೂಕ ನಾ ಇರಂಗಿಲ್ಲ."